ಟಿ.ವಿ.ಗೂ ಮುಂಚಿನ ಕಾಲೇಜು ಫುಟ್‌ಬಾಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇದು ಉದ್ದುರುಟಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಬರೀ ಕಾಲಿನಲ್ಲಿ ಆಡುವ ಆಟವಲ್ಲ. ಬಹುತೇಕ ಪ್ರಶ್ನೆಗಳು ಹಳೆಯ ಕಾಲದ್ದೇ ಆಗಿರುವುದರಿಂದ ಟಿ.ವಿ. ಬಂದ ಮೇಲಿನ ಸಂಗತಿಯನ್ನು ಕೊನೆಯಲ್ಲಿ ಚುಟುಕಾಗಿ ಹೇಳಿದ್ದೇವೆ.

ಪ್ರಶ್ನೆ: ಯಾರು ಯಾರ ಜೊತೆ ಯಾವಾಗ ಆಡಬೇಕು ಎಂಬ ಪಟ್ಟಿಯನ್ನು ಆಗ ಯಾರು ಮಾಡುತ್ತಿದ್ದರು? ಅದಕ್ಕೊಂದು ಕೇಂದ್ರ ಮಂಡಳಿ ಇರಲಿಲ್ಲವೇ?

ಇರಲಿಲ್ಲ. ಆ ಕಾಲದ ಬಹುಪಾಲು ವಿಚಿತ್ರಗಳಿಗೆ ಇದೇ ಮೂಲ. ಮೈದಾನದಲ್ಲಿ ಆಗುತ್ತಿದ್ದ ಸಾವುನೋವುಗಳಿಂದಾಗಿ 1906ರಲ್ಲಿ ಕಾಲೇಜುಗಳು ಸೇರಿ ಒಂದು ಸಂಘ ಕಟ್ಟಿಕೊಂಡವು. ಅದೇ ಮುಂದೆ ಎನ್‌ಸಿಎಎ ಆಯಿತು. ಆದರೆ ಆ ಸಂಘದ ಕೆಲಸ ಆಟದ ನಿಯಮ ನೋಡಿಕೊಳ್ಳುವುದು. ‘ನೀನು ಇವರ ಜೊತೆ ಆಡು’ ಎಂದು ಯಾವ ಕಾಲೇಜಿಗೂ ಹೇಳುವ ಅಧಿಕಾರ ಅದಕ್ಕಿರಲಿಲ್ಲ. ಎರಡು ಕಾಲೇಜುಗಳು ಒಪ್ಪಿದರೆ ಪಂದ್ಯ, ಒಂದು ಒಲ್ಲೆ ಎಂದರೆ ಇಲ್ಲ. ಪ್ರತಿಯೊಂದು ಪಂದ್ಯವೂ ಇಬ್ಬರ ನಡುವಿನ ಕರಾರು.

19ನೇ ಶತಮಾನದಲ್ಲಿ ಈ ಪತ್ರವ್ಯವಹಾರವನ್ನು ತಂಡದ ಮ್ಯಾನೇಜರ್ ಆಗಿದ್ದ ವಿದ್ಯಾರ್ಥಿಯೇ ಮಾಡುತ್ತಿದ್ದ. ಆಮೇಲೆ ಅದು ಸಂಬಳದ ಮ್ಯಾನೇಜರ್ ಅಥವಾ ಕ್ರೀಡಾ ನಿರ್ದೇಶಕನ ಕೈಗೆ ಹೋಯಿತು. ಎಷ್ಟೋ ಕಡೆ ಕೋಚ್ ಮತ್ತು ನಿರ್ದೇಶಕ ಒಬ್ಬನೇ. ಪತ್ರದಲ್ಲಿ ತೀರ್ಮಾನವಾಗಬೇಕಾದದ್ದು ನಾಲ್ಕು ವಿಷಯ: ದಿನ, ಜಾಗ, ದುಡ್ಡು, ರೆಫರಿ. ರೆಫರಿಗಳನ್ನು ಎರಡೂ ಕಡೆಯವರು ಒಪ್ಪಬೇಕಿತ್ತು. ಹೆಸರು ಮೊದಲೇ ಗೊತ್ತುಮಾಡಿಕೊಳ್ಳದೆ ಹೋದರೆ ಆಟದ ದಿನ ಬೆಳಿಗ್ಗೆ ಜಗಳ ಗ್ಯಾರಂಟಿ.

ದುಡ್ಡಿನ ಲೆಕ್ಕ ಹೀಗಿರುತ್ತಿತ್ತು. ಬರುವ ತಂಡಕ್ಕೆ ಇಂತಿಷ್ಟು ಖಾತ್ರಿ ಹಣ, ಅಥವಾ ಖರ್ಚು ಕಳೆದು ಉಳಿದ ಟಿಕೆಟ್ ಹಣದಲ್ಲಿ ಅರ್ಧ. ಎರಡರಲ್ಲಿ ಯಾವುದು ಹೆಚ್ಚೋ ಅದು. ಉದಾಹರಣೆಗೆ ಖಾತ್ರಿ 1,000 ಡಾಲರ್ ಎಂದುಕೊಳ್ಳಿ. ಟಿಕೆಟ್ ಹಣ 6,000 ಬಂದು ಖರ್ಚು 1,000 ಕಳೆದರೆ ಅತಿಥಿಗೆ 2,500. ಮಳೆ ಹೊಡೆದು 1,500 ಮಾತ್ರ ಬಂದರೂ ಅತಿಥಿಗೆ 1,000 ಕೊಡಲೇಬೇಕು. ಮೈದಾನದ ಖರ್ಚನ್ನು ಕರೆದವರು ಕೈಯಿಂದ ಭರಿಸಬೇಕು. ಬರುತ್ತೇನೆಂದು ಕೈಕೊಟ್ಟರೆ ದಂಡ ಎಂಬ ಕಲಮನ್ನೂ ಸೇರಿಸುತ್ತಿದ್ದರು. ದೊಡ್ಡ ಕಾಲೇಜುಗಳು ಸಾಮಾನ್ಯವಾಗಿ ಎರಡು ವರ್ಷದ ಕರಾರು ಮಾಡಿಕೊಳ್ಳುತ್ತಿದ್ದವು: ಈ ವರ್ಷ ನಮ್ಮಲ್ಲಿ, ಬರುವ ವರ್ಷ ನಿಮ್ಮಲ್ಲಿ. ಸಣ್ಣ ಕಾಲೇಜಿಗೆ ಆ ಭಾಗ್ಯವಿಲ್ಲ. ಅದು ಪ್ರತಿ ವರ್ಷ ತಾನೇ ರೈಲು ಹತ್ತಿ ಹೋಗಿ, ಸೋತು, ಖಾತ್ರಿ ಹಣ ತಂದು, ಅದರಲ್ಲಿ ಉಳಿದ ಆಟಗಳನ್ನು ನಡೆಸುತ್ತಿತ್ತು.

ಪಟ್ಟಿಯನ್ನು ತುಂಬುತ್ತಿದ್ದದ್ದು ಹಿಂದಿನಿಂದ ಮುಂದಕ್ಕೆ. ನವೆಂಬರಿನ ಕೊನೆಯ ಶನಿವಾರ ಅಥವಾ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ ಹಳೆಯ ಎದುರಾಳಿಗೆ ಮೀಸಲು. ಅದನ್ನು ಯಾರೂ ಅಲ್ಲಾಡಿಸುತ್ತಿರಲಿಲ್ಲ. ಅಕ್ಟೋಬರಿನ ಮಧ್ಯದಿಂದ ಸರಿಸಮ ತಂಡಗಳು. ಸೆಪ್ಟೆಂಬರಿನ ಕೊನೆ, ಅಕ್ಟೋಬರಿನ ಮೊದಲ ವಾರಕ್ಕೆ ಹತ್ತಿರದ ಸಣ್ಣ ಕಾಲೇಜುಗಳನ್ನು ಮನೆಗೆ ಕರೆದು ಕೈ ಪಳಗಿಸಿಕೊಳ್ಳುವುದು. ದೂರದ ಪ್ರಯಾಣ ಒಂದಿದ್ದರೆ ಅದರ ಹಿಂದಿನ ಮತ್ತು ಮುಂದಿನ ಶನಿವಾರ ಸುಲಭದ ಪಂದ್ಯ. ಯಾವುದಾದರೂ ದೊಡ್ಡ ಕಾಲೇಜು ಇದ್ದಕ್ಕಿದ್ದಂತೆ ಹಿಂದೆ ಸರಿದರೆ ಇಡೀ ಪಟ್ಟಿಯಲ್ಲಿ ತೂತು. ಅಂಥ ತೂತು ಇನ್ನೊಬ್ಬರಿಗೆ ಬಾಗಿಲು. 1913ರಲ್ಲಿ ಇಂಡಿಯಾನ ರಾಜ್ಯದ ನೋಟರ್ ಡೇಮ್ ಕಾಲೇಜಿನ ಕೋಚ್ ಜೆಸ್ಸಿ ಹಾರ್ಪರ್ ಹತ್ತಾರು ಕಡೆ ಪತ್ರ ಬರೆದಾಗ ವೆಸ್ಟ್ ಪಾಯಿಂಟಿನ ಸೇನಾ ಅಕಾಡೆಮಿಯ ಪಟ್ಟಿಯಲ್ಲಿ ನವೆಂಬರ್ 1 ಖಾಲಿ ಇತ್ತು. 1,000 ಡಾಲರ್ ಖಾತ್ರಿಗೆ ಒಪ್ಪಂದವಾಯಿತು. ಪೂರ್ವದವರು ಸರಿಯಾಗಿ ಹೆಸರೂ ಕೇಳಿರದ ಆ ತಂಡ ಚೆಂಡನ್ನು ಗಾಳಿಯಲ್ಲಿ ಎಸೆದೆಸೆದು 35–13ರಿಂದ ಸೈನ್ಯವನ್ನು (ಅಕಾಡೆಮಿಯ ತಂಡಕ್ಕೆ ಅದೇ ಹೆಸರು) ಸೋಲಿಸಿ ಹೋಯಿತು.

ಪ್ರಶ್ನೆ: ಕಾಲೇಜುಗಳು ಸೇರಿ ಕಟ್ಟಿಕೊಂಡ ಕಾನ್ಫರೆನ್ಸ್ ಎಂಬ ಗುಂಪುಗಳಿದ್ದವಲ್ಲ? ಗುಂಪಿನೊಳಗಾದರೂ ಎಲ್ಲರೂ ಎಲ್ಲರೊಂದಿಗೆ ಆಡುತ್ತಿದ್ದರೇ?

ಇಲ್ಲ. 1896ರಲ್ಲಿ ಹುಟ್ಟಿದ ವೆಸ್ಟರ್ನ್ ಕಾನ್ಫರೆನ್ಸ್ (ಇಂದಿನ ಬಿಗ್ ಟೆನ್) ಮೊದಲು ನೋಡಿಕೊಂಡದ್ದು ಯಾರು ಆಡಲು ಅರ್ಹರು ಎಂಬ ಪ್ರಶ್ನೆಯನ್ನು. ಯಾರ ಜೊತೆ ಆಡಬೇಕೆಂಬುದು ಸದಸ್ಯರಿಗೇ ಬಿಟ್ಟ ಮಾತು. ಬಲವಾದ ತಂಡದ ತಂಟೆಗೆ ಹೋಗದೆ ವರ್ಷಗಟ್ಟಲೆ ಕಳೆದ ಸದಸ್ಯರೂ ಇದ್ದರು. ದಕ್ಷಿಣದಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದ್ದು. 1932ರ ಹೊತ್ತಿಗೆ ಸದರ್ನ್ ಕಾನ್ಫರೆನ್ಸಿನಲ್ಲಿ 23 ಕಾಲೇಜುಗಳು. ಋತುವಿಗೆ ಒಂಬತ್ತೋ ಹತ್ತೋ ಪಂದ್ಯ ಆಡುವ ತಂಡ ಉಳಿದ 22 ಮಂದಿಯನ್ನು ಎದುರಿಸುವುದೆಲ್ಲಿಂದ? ಕೊನೆಗೆ 13 ಕಾಲೇಜುಗಳು ಹೊರಬಂದು ಸೌತ್ ಈಸ್ಟರ್ನ್ ಕಾನ್ಫರೆನ್ಸ್ ಕಟ್ಟಿಕೊಂಡವು. 13 ಕೂಡ ಜಾಸ್ತಿಯೇ.

ಚಾಂಪಿಯನ್ ಯಾರೆಂದು ತೀರ್ಮಾನಿಸುತ್ತಿದ್ದದ್ದು ಶೇಕಡಾವಾರು ಲೆಕ್ಕದಲ್ಲಿ: ಗೆದ್ದದ್ದನ್ನು ಗೆದ್ದದ್ದು ಮತ್ತು ಸೋತದ್ದರ ಮೊತ್ತದಿಂದ ಭಾಗಿಸುವುದು. ನಾಲ್ಕೇ ಪಂದ್ಯ ಆಡಿ ನಾಲ್ಕನ್ನೂ ಗೆದ್ದವರಿಗೆ 1.000. ಏಳು ಆಡಿ ಆರು ಗೆದ್ದವರಿಗೆ .857. ಸಮವಾದ ಪಂದ್ಯಗಳನ್ನು ಲೆಕ್ಕದಿಂದ ಬಿಡುತ್ತಿದ್ದುದರಿಂದ ಎರಡು ಗೆದ್ದು ಮೂರು ಸಮ ಮಾಡಿಕೊಂಡ ತಂಡಕ್ಕೂ 1.000! ಆ ಕಾಲದ ಅಭಿಮಾನಿಗಳ ‘ನಾವೇ ಚಾಂಪಿಯನ್’ ಎಂಬ ವಾದಗಳೆಲ್ಲ ಇಲ್ಲೇ ಹುಟ್ಟಿದವು. ಲೆಕ್ಕದ ಪ್ರಕಾರ ಎರಡೂ ಕಡೆಯವರ ಮಾತು ಎಷ್ಟೋ ಸಲ ಸರಿಯೇ ಇರುತ್ತಿತ್ತು.

ಪ್ರಶ್ನೆ: ಆರು ದಿನದಲ್ಲಿ ಐದು ಪಂದ್ಯ ಆಡಿ ಐದನ್ನೂ ಗೆದ್ದ ತಂಡವೊಂದಿತ್ತಂತೆ. ನಿಜವೇ?

ನಿಜ. ಟೆನೆಸಿ ರಾಜ್ಯದ ಬೆಟ್ಟದ ಮೇಲಿನ ಸಣ್ಣ ವಿದ್ಯಾಲಯ ಸೆವಾನಿ, 1899ರ ನವೆಂಬರ್. 9ರಂದು ಆಸ್ಟಿನ್‌ನಲ್ಲಿ ಟೆಕ್ಸಸ್ ಮೇಲೆ 12–0. 10ರಂದು ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಮೇಲೆ 10–0. 11ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಟ್ಯುಲೇನ್ ಮೇಲೆ 23–0. 12 ಭಾನುವಾರ, ಆಟವಿಲ್ಲ. 13ರಂದು ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನಾ ರಾಜ್ಯ ವಿಶ್ವವಿದ್ಯಾಲಯದ (ಎಲ್‌ಎಸ್‌ಯು) ಮೇಲೆ 34–0. 14ರಂದು ಮೆಂಫಿಸ್‌ನಲ್ಲಿ ಮಿಸಿಸಿಪಿ ಮೇಲೆ 12–0. ಐದು ಪಂದ್ಯದಲ್ಲಿ ಎದುರಾಳಿಗೆ ಒಂದೇ ಒಂದು ಅಂಕ ಬಿಟ್ಟುಕೊಡಲಿಲ್ಲ.

ಇಂಥ ಪಟ್ಟಿ ಮಾಡುವ ಹುಚ್ಚು ಯಾಕೆ ಎಂದರೆ ರೈಲು ಚಾರ್ಜು. ಸುಮಾರು 2,500 ಮೈಲಿಯ ಪ್ರಯಾಣಕ್ಕೆ ಒಂದು ಪಂದ್ಯದ ಖಾತ್ರಿ ಹಣ ಸಾಲದು; ದಾರಿಯುದ್ದಕ್ಕೂ ಐದು ಕಡೆ ಆಡಿದರೆ ಖರ್ಚು ಹಂಚಿಹೋಗುತ್ತದೆ. ಮ್ಯಾನೇಜರ್ ಲ್ಯೂಕ್ ಲೀ ಎಂಬ ವಿದ್ಯಾರ್ಥಿ ಈ ಸರಣಿಯನ್ನು ಹೆಣೆದವನು. ಊರೂರಿನ ನೀರು ಕುಡಿದು ಹುಡುಗರ ಹೊಟ್ಟೆ ಕೆಟ್ಟರೆ ಎಲ್ಲವೂ ಮುಗಿಯಿತು ಎಂದು ತಮ್ಮ ಬೆಟ್ಟದ ನೀರನ್ನೇ ಪೀಪಾಯಿಗಳಲ್ಲಿ ತುಂಬಿಕೊಂಡು ಹೋಗಿದ್ದರು. ಆಗಿನ ನಿಯಮದ ಪ್ರಕಾರ 35 ನಿಮಿಷದ ಎರಡು ಅವಧಿ. ಇಬ್ಬರೂ ಒಪ್ಪಿದರೆ ಇನ್ನೂ ಮೊಟಕು. ಒಮ್ಮೆ ಹೊರಬಂದ ಆಟಗಾರ ಮತ್ತೆ ಒಳಹೋಗುವಂತಿರಲಿಲ್ಲ, ಹಾಗಾಗಿ ಅದೇ ಹನ್ನೊಂದು ಮಂದಿ ದಾಳಿಗೂ ರಕ್ಷಣೆಗೂ. ರಾತ್ರಿ ರೈಲಿನಲ್ಲಿ ನಿದ್ದೆ, ಮಧ್ಯಾಹ್ನ ಆಟ. ಆ ಋತುವಿನಲ್ಲಿ ಅವರು 12ಕ್ಕೆ 12 ಗೆದ್ದರು.

ಪ್ರಶ್ನೆ: ನೋಟರ್ ಡೇಮ್ ತಂಡಕ್ಕೆ ದೇಶದ ತುಂಬ ಅಭಿಮಾನಿಗಳು ಹೇಗೆ ಹುಟ್ಟಿಕೊಂಡರು?

ಹತ್ತಿರದವರು ಬಾಗಿಲು ಹಾಕಿದ್ದರಿಂದ. ಇಂಡಿಯಾನದ ಈ ಕ್ಯಾಥೊಲಿಕ್ ಕಾಲೇಜಿಗೆ ವೆಸ್ಟರ್ನ್ ಕಾನ್ಫರೆನ್ಸ್ ಸದಸ್ಯತ್ವ ಸಿಗಲಿಲ್ಲ. ಸುತ್ತಲಿನ ದೊಡ್ಡ ಕಾಲೇಜುಗಳಲ್ಲಿ ಹಲವು ಅದರ ಜೊತೆ ಆಡಲೂ ಒಪ್ಪುತ್ತಿರಲಿಲ್ಲ. 1918ರಿಂದ 1930ರವರೆಗೆ ಕೋಚ್ ಆಗಿದ್ದ ಕ್ನೂಟ್ ರಾಕ್ನಿ ರೈಲು ನಕ್ಷೆಯನ್ನೇ ತನ್ನ ಪಟ್ಟಿ ಮಾಡಿಕೊಂಡ. ನ್ಯೂಯಾರ್ಕಿನಲ್ಲಿ ಸೈನ್ಯದ ವಿರುದ್ಧ, ನೆಬ್ರಾಸ್ಕಾದಲ್ಲಿ, ದಕ್ಷಿಣದಲ್ಲಿ ಜಾರ್ಜಿಯಾ ಟೆಕ್ ವಿರುದ್ಧ, 1926ರಿಂದ ಲಾಸ್ ಏಂಜಲೀಸ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿರುದ್ಧ. ಕ್ಯಾಲಿಫೋರ್ನಿಯಾಕ್ಕೆ ದಿನಗಟ್ಟಲೆ ರೈಲು; ಕೂತು ಕೂತು ಕಾಲು ಹಿಡಿದುಕೊಳ್ಳುತ್ತದೆಂದು ದಾರಿಯಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಇಳಿದು ಅಭ್ಯಾಸ ಮಾಡಿಸುತ್ತಿದ್ದ. 1929ರಲ್ಲಿ ಸ್ವಂತ ಸ್ಟೇಡಿಯಂ ಕಟ್ಟುತ್ತಿದ್ದಾಗ ಇಡೀ ಋತುವನ್ನೇ ಪರಸ್ಥಳದಲ್ಲಿ ಆಡಿ ಒಂದೂ ಸೋಲದೆ ಮುಗಿಸಿದರು. ಹೀಗೆ ಹೋದಲ್ಲೆಲ್ಲ ವಲಸೆ ಬಂದ ಕ್ಯಾಥೊಲಿಕ್ ಕುಟುಂಬಗಳು ಆ ತಂಡವನ್ನು ತಮ್ಮದೆಂದುಕೊಂಡವು. ಕಾಲೇಜಿನ ಮೆಟ್ಟಿಲನ್ನೇ ಹತ್ತದ, ಸುರಂಗ ರೈಲಿನಲ್ಲಿ ಪಂದ್ಯಕ್ಕೆ ಬರುವ ನ್ಯೂಯಾರ್ಕಿನ ಈ ಅಭಿಮಾನಿಗಳಿಗೆ ‘ಸಬ್‌ವೇ ಹಳೆ ವಿದ್ಯಾರ್ಥಿಗಳು’ ಎಂಬ ಹೆಸರೇ ಬಿತ್ತು.

ಇದೇ ದಾರಿಯಲ್ಲಿ ಮೊದಲೇ ನಡೆದಿದ್ದವರು ಅಮೆರಿಕದ ಮೂಲನಿವಾಸಿಗಳಿಗಾಗಿ ಇದ್ದ ಕಾರ್ಲೈಲ್ ಇಂಡಿಯನ್ ಶಾಲೆಯವರು. ಅವರ ಮೈದಾನ ಚಿಕ್ಕದು, ಅಲ್ಲಿ ಟಿಕೆಟ್ ಹಣ ಹುಟ್ಟುತ್ತಿರಲಿಲ್ಲ; ಆದ್ದರಿಂದ ಮುಖ್ಯ ಪಂದ್ಯಗಳೆಲ್ಲ ಹೊರಗೆ. 1911ರಲ್ಲಿ ಹಾರ್ವರ್ಡನ್ನು ಅದರ ಸ್ಟೇಡಿಯಂನಲ್ಲೇ 18–15ರಿಂದ ಸೋಲಿಸಿದ್ದು ಇಂಥ ಒಂದು ಪ್ರಯಾಣದಲ್ಲಿ.

ಪ್ರಶ್ನೆ: ಮಿಷಿಗನ್–ಮಿನೆಸೋಟ ತಂಡಗಳು ಒಂದು ನೀರಿನ ಹೂಜಿಗಾಗಿ ಆಡುತ್ತವೆ ಎನ್ನುತ್ತಾರೆ. ಏನಿದು?

1903ರ ಅಕ್ಟೋಬರ್ 31ರಂದು ಮಿನಿಯಾಪೊಲಿಸ್‌ಗೆ ಹೋದ ಮಿಷಿಗನ್ ತಂಡದ ಕೋಚ್ ಫೀಲ್ಡಿಂಗ್ ಯೋಸ್ಟ್‌ಗೆ ಅಲ್ಲಿನ ನೀರಿನ ಮೇಲೆ ನಂಬಿಕೆಯಿರಲಿಲ್ಲ. ಅಂಗಡಿಯಿಂದ 30 ಸೆಂಟಿಗೆ ಒಂದು ಹೂಜಿ ತರಿಸಿದ. ಪಂದ್ಯ 6–6ರಲ್ಲಿ ನಿಂತಿತು, ಜನ ಮೈದಾನಕ್ಕೆ ನುಗ್ಗಿದರು, ಗಲಾಟೆಯಲ್ಲಿ ಹೂಜಿ ಅಲ್ಲೇ ಉಳಿಯಿತು. ಬೇಕಿದ್ದರೆ ಗೆದ್ದು ತೆಗೆದುಕೊಂಡು ಹೋಗಿ ಎಂಬ ಸವಾಲು ಅಲ್ಲಿಂದ.

ಪಟ್ಟಿಯ ದೃಷ್ಟಿಯಿಂದ ನೋಡಬೇಕಾದದ್ದು ಮುಂದಿನದು: ಹೂಜಿಗಾಗಿ ಎರಡನೇ ಪಂದ್ಯ ನಡೆದದ್ದು 1909ರಲ್ಲಿ. ಆರು ವರ್ಷ ಬೇಕಾಯಿತು! 1906ರಲ್ಲಿ ಇಬ್ಬರೂ ಸೇರಿದ್ದ ವೆಸ್ಟರ್ನ್ ಕಾನ್ಫರೆನ್ಸ್ ಋತುವಿಗೆ ಐದೇ ಪಂದ್ಯ, ವಿದ್ಯಾರ್ಥಿ ಟಿಕೆಟ್ 50 ಸೆಂಟ್ ಮೀರಬಾರದು ಮುಂತಾದ ಕಟ್ಟುಪಾಡು ತಂದಿತು. ಮಿಷಿಗನ್ ಒಪ್ಪದೆ ಹೊರನಡೆಯಿತು, 1917ರವರೆಗೂ ಹೊರಗೇ ಉಳಿಯಿತು. ಒಳಗಿದ್ದವರು ಹೀಗೆ ಬಿಟ್ಟುಹೋದವರ ಜೊತೆ ಆಡುವುದನ್ನು ಕಾನ್ಫರೆನ್ಸ್ ಸಹಿಸುತ್ತಿರಲಿಲ್ಲ. 1910ರ ನಂತರ ಇವರಿಬ್ಬರು ಮತ್ತೆ ಮುಖಾಮುಖಿಯಾದದ್ದು 1919ರಲ್ಲಿ.

ಪ್ರಶ್ನೆ: ಕಪ್ಪು ಆಟಗಾರರಿದ್ದ ತಂಡಗಳು ದಕ್ಷಿಣದವರ ಜೊತೆ ಹೇಗೆ ಆಡುತ್ತಿದ್ದವು?

ಬಹುಮಟ್ಟಿಗೆ ಆಡುತ್ತಿರಲಿಲ್ಲ, ಆಡಿದರೂ ಆ ಆಟಗಾರನನ್ನು ಹೊರಗೆ ಕೂರಿಸಿ ಆಡುತ್ತಿದ್ದವು. ಇದಕ್ಕೆ ‘ಸಜ್ಜನರ ಒಪ್ಪಂದ’ ಎಂಬ ಹೆಸರು. ಅದರಲ್ಲಿ ಸಜ್ಜನಿಕೆಯ ಲವಲೇಶವೂ ಇರಲಿಲ್ಲ. 1934ರ ಅಕ್ಟೋಬರಿನಲ್ಲಿ ಜಾರ್ಜಿಯಾ ಟೆಕ್ ತಂಡ ಮಿಷಿಗನ್‌ಗೆ ಬಂದಾಗ, ಆತಿಥೇಯರು ತಮ್ಮದೇ ಮೈದಾನದಲ್ಲಿ ತಮ್ಮದೇ ಆಟಗಾರ ವಿಲಿಸ್ ವಾರ್ಡ್‌ನನ್ನು ಆಡಿಸಲಿಲ್ಲ. ಕ್ಯಾಂಪಸ್ಸಿನಲ್ಲಿ ಪ್ರತಿಭಟನೆಯಾದರೂ ಕರಾರು ಮುರಿಯುವ ಧೈರ್ಯ ಯಾರಿಗೂ ಬರಲಿಲ್ಲ. 1947ರಲ್ಲಿ ಹಾರ್ವರ್ಡ್ ತಂಡ ವರ್ಜೀನಿಯಾಕ್ಕೆ ಹೋದಾಗ ಚೆಸ್ಟರ್ ಪಿಯರ್ಸ್ ಆಡಿದ್ದು ಈ ಕಟ್ಟು ಸಡಿಲವಾದ ಮೊದಲ ಗುರುತುಗಳಲ್ಲೊಂದು.

ಕಪ್ಪು ಜನರ ಕಾಲೇಜುಗಳು ತಮ್ಮದೇ ಪಟ್ಟಿ ಕಟ್ಟಿಕೊಂಡಿದ್ದವು. ಅವುಗಳ ನಡುವಿನ ಮೊದಲ ಪಂದ್ಯ 1892ರ ಡಿಸೆಂಬರ್ 27ರಂದು ನಾರ್ತ್ ಕೆರೊಲಿನಾದ ಸಾಲ್ಸ್‌ಬರಿಯಲ್ಲಿ, ಬಿಡಲ್ ಮತ್ತು ಲಿವಿಂಗ್‌ಸ್ಟನ್ ನಡುವೆ. ದಿನಪತ್ರಿಕೆಗಳು ಈ ಪಂದ್ಯಗಳತ್ತ ಕಣ್ಣೆತ್ತಿಯೂ ನೋಡದ ಕಾಲದಲ್ಲಿ ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೊ ಡಿಫೆಂಡರ್ ವಾರಪತ್ರಿಕೆಗಳೇ ಅಭಿಮಾನಿಗೆ ಆಧಾರ. ಕೊರಿಯರ್ 1920ರಿಂದ ವರ್ಷದ ಚಾಂಪಿಯನ್ ತಂಡವನ್ನೂ ಹೆಸರಿಸುತ್ತಿತ್ತು.

ಪ್ರಶ್ನೆ: ಪಂದ್ಯ ನೋಡಲು ಜನ ಟಿಕೆಟ್ ಹೇಗೆ ಪಡೆಯುತ್ತಿದ್ದರು, ಹೇಗೆ ಹೋಗುತ್ತಿದ್ದರು?

ಅಂಚೆಯಲ್ಲಿ ಅರ್ಜಿ, ಜೊತೆಗೆ ಹಣ. ಬೇಡಿಕೆ ಹೆಚ್ಚಿದ್ದ ಪಂದ್ಯಕ್ಕೆ ಒಬ್ಬರಿಗೆ ಇಷ್ಟೇ ಎಂಬ ಮಿತಿ. ಮೊದಲ ಹಕ್ಕು ವಿದ್ಯಾರ್ಥಿಗಳದು, ಹಳೆಯ ವಿದ್ಯಾರ್ಥಿಗಳದು. ಒಳ್ಳೆಯ ಜಾಗವನ್ನು ಬಂಡವಾಳವಾಗಿಸಿದ ಉದಾಹರಣೆಯೂ ಇದೆ: 1927ರಲ್ಲಿ ತೆರೆದ 72,000 ಆಸನಗಳ ಮಿಷಿಗನ್ ಸ್ಟೇಡಿಯಂಗೆ ಹಣ ಎತ್ತಲು ತಲಾ 500 ಡಾಲರಿನ 3,000 ಬಾಂಡ್ ಮಾರಿದರು. ಬಡ್ಡಿ ಶೇ. 3, ಜೊತೆಗೆ ಹತ್ತು ವರ್ಷ ಮೈದಾನದ ನಡುಭಾಗದ ಟಿಕೆಟ್ ಕೊಳ್ಳುವ ಹಕ್ಕು. ಬಡ್ಡಿಗಿಂತ ಆ ಹಕ್ಕೇ ಜನರನ್ನು ಸೆಳೆದದ್ದು ಎಂದು ನಮ್ಮ ಅಭಿಪ್ರಾಯ.

ಪ್ರಯಾಣ ವಿಶೇಷ ರೈಲಿನಲ್ಲಿ. ಸೈನ್ಯ–ನೌಕಾಪಡೆ ಅಕಾಡೆಮಿಗಳ ಪಂದ್ಯ ಫಿಲಡೆಲ್ಫಿಯಾದ ಮುನಿಸಿಪಲ್ ಸ್ಟೇಡಿಯಂಗೆ ಬಂದ ಮೇಲೆ ಪೆನ್ಸಿಲ್ವೇನಿಯಾ ರೈಲ್ವೆಯವರು ಪಕ್ಕದ ಗೂಡ್ಸ್ ಯಾರ್ಡನ್ನೇ ಆ ಒಂದು ದಿನದ ಮಟ್ಟಿಗೆ ನಿಲ್ದಾಣ ಮಾಡಿ, ಹತ್ತಾರು ವಿಶೇಷ ರೈಲುಗಳನ್ನು ಒಂದರ ಹಿಂದೆ ಒಂದು ತಂದು ನಿಲ್ಲಿಸುತ್ತಿದ್ದರು. ಯುದ್ಧ ಬಂದಾಗ ಎಲ್ಲವೂ ನಿಂತಿತು. 1942ರ ಆ ಪಂದ್ಯವನ್ನು ನೌಕಾ ಅಕಾಡೆಮಿ ಇರುವ ಅನಾಪೊಲಿಸ್‌ನ ಚಿಕ್ಕ ಮೈದಾನಕ್ಕೆ ಒಯ್ದು, ಹತ್ತು ಮೈಲಿ ದೂರದೊಳಗಿನವರಿಗೆ ಮಾತ್ರ ಟಿಕೆಟ್ ಕೊಟ್ಟರು. ಸೈನ್ಯದ ಕೆಡೆಟ್‌ಗಳು ಬರುವಂತಿರಲಿಲ್ಲ. ಆದ್ದರಿಂದ ನೌಕಾ ವಿದ್ಯಾರ್ಥಿಗಳಲ್ಲೇ ಒಂದು ಪಾಲನ್ನು ಎದುರಾಳಿಯ ಪರ ಕೂಗಲು ಆಜ್ಞೆ ಮಾಡಿ ಕೂರಿಸಿದರು.

ಪ್ರಶ್ನೆ: ಹೋಗಲಾಗದವರು ಏನು ಮಾಡುತ್ತಿದ್ದರು? ಮರುದಿನದ ಪತ್ರಿಕೆಗೆ ಕಾಯಬೇಕಿತ್ತೇ?

ಕಾಯಬೇಕಿರಲಿಲ್ಲ. ತಂತಿ ಇತ್ತು. 1911ರಲ್ಲಿ ಕನ್ಸಾಸ್ ತಂಡ ಮಿಸೂರಿಗೆ ಹೋಗಿ ಆಡಿದಾಗ (3–3 ಸಮ), ಇತ್ತ ಕನ್ಸಾಸಿನ ಲಾರೆನ್ಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನ ಒಂದೆಡೆ ಸೇರಿ, ತಂತಿಯಲ್ಲಿ ಬಂದ ವಿವರವನ್ನು ದೊಡ್ಡ ಹಲಗೆಯ ಮೇಲೆ ನೋಡುತ್ತ, ಮೈದಾನದಲ್ಲೇ ಇದ್ದವರಂತೆ ಕೂಗಿದರು.

1920ರ ದಶಕದಲ್ಲಿ ಈ ಹಲಗೆ ವಿದ್ಯುತ್ ಯಂತ್ರವಾಯಿತು, ‘ಗ್ರಿಡ್‌ಗ್ರಾಫ್’ ಎಂಬ ಹೆಸರು ಪಡೆಯಿತು. ಕಾಲೇಜುಗಳು ಅದನ್ನು ವ್ಯಾಯಾಮಶಾಲೆಯಲ್ಲೋ ಸಭಾಂಗಣದಲ್ಲೋ ನಿಲ್ಲಿಸಿ, ಒಳಬರಲು ಸಣ್ಣ ಶುಲ್ಕ ಇಡುತ್ತಿದ್ದವು. ನಡುವೆ ಮೈದಾನದ ಗೆರೆ ಬರೆದ ಅರೆಪಾರದರ್ಶಕ ಗಾಜು. ಎರಡು ಬದಿಗೆ ಎರಡೂ ತಂಡದ ಆಟಗಾರರ ಹೆಸರು, ಪ್ರತಿ ಹೆಸರಿನ ಪಕ್ಕ ಒಂದು ಬಲ್ಬು. ಇನ್ನೊಂದು ಕಡೆ ಓಟ, ಪಾಸ್, ಪಂಟ್ (ಚೆಂಡನ್ನು ದೂರ ಒದೆಯುವುದು), ಕೈತಪ್ಪಿದ ಚೆಂಡು, ದಂಡ ಎಂಬ ಪಟ್ಟಿ, ಅವಕ್ಕೂ ಬಲ್ಬು.

ಕೆಲಸ ನಡೆಯುತ್ತಿದ್ದ ಕ್ರಮ ಇದು. ಸ್ಟೇಡಿಯಂನ ಪತ್ರಕರ್ತರ ಕಟ್ಟೆಯಲ್ಲಿ ಒಬ್ಬ ಆಟ ನೋಡಿ ಸಂಕ್ಷೇಪವಾಗಿ ಹೇಳುತ್ತಾನೆ, ಪಕ್ಕದ ತಂತಿ ಗುಮಾಸ್ತ ಮೋರ್ಸ್ ಸಂಕೇತದಲ್ಲಿ ಕುಟ್ಟುತ್ತಾನೆ. ಇತ್ತ ಸಭಾಂಗಣದಲ್ಲಿ ಇನ್ನೊಬ್ಬ ಗುಮಾಸ್ತ ಕಟಕಟ ಸದ್ದು ಕೇಳಿ ಬಾಯಿಬಿಟ್ಟು ಹೇಳುತ್ತಾನೆ. ಬಲ್ಬಿನವನು ಮೊದಲು ಚೆಂಡು ಹಿಡಿದವನ ಹೆಸರು, ಆಮೇಲೆ ಆಟದ ಬಗೆ ಬೆಳಗಿಸುತ್ತಾನೆ. ಕೊನೆಗೆ ಗಾಜಿನ ಹಿಂದೆ ನಿಂತವನು ದೀಪವೊಂದನ್ನು ಚೆಂಡು ಹೋದ ದಾರಿಯಲ್ಲಿ ಸರಿಸುತ್ತಾನೆ. ಈ ಕೊನೆಯವನ ಕೈಯಲ್ಲೇ ಇಡೀ ಸಭೆಯ ಉಸಿರು. ನುರಿತವನು ದೀಪವನ್ನು ತಡೆದು ತಡೆದು ಒಯ್ಯುತ್ತಿದ್ದ. ಹೊಸಬ ಒಂದೇ ಏಟಿಗೆ ತಳ್ಳಿಬಿಟ್ಟರೆ ಜನ ಗೊಣಗುತ್ತಿದ್ದರು.

ಎಡವಟ್ಟು ಆಗುತ್ತಿದ್ದ ಜಾಗಗಳೂ ಗೊತ್ತಿದ್ದವೇ. ಗಾಳಿಮಳೆಗೆ ತಂತಿ ಹರಿದರೆ ದೀಪ ಇದ್ದಲ್ಲೇ ನಿಲ್ಲುತ್ತದೆ. ಮತ್ತೆ ಸಂಪರ್ಕ ಬಂದಾಗ ಅಂಕ ಬದಲಾಗಿರುತ್ತದೆ, ಹೇಗೆ ಎಂದು ಯಾರಿಗೂ ತಿಳಿದಿರುವುದಿಲ್ಲ. ಗಜದ ಅಂಕಿಯಲ್ಲಿ ಒಂದು ತಪ್ಪಾದರೆ ಮುಂದಿನ ಆಟವೆಲ್ಲ ತಪ್ಪು ಗೆರೆಯಿಂದ ಶುರು. ಅದಕ್ಕೇ ಜಾಣ ಗುಮಾಸ್ತರು ಪ್ರತಿ ಬಾರಿ ಚೆಂಡು ಕೈ ಬದಲಿಸಿದಾಗ ಅದು ಎಲ್ಲಿದೆ ಎಂಬುದನ್ನು ಹೊಸದಾಗಿ ಕಳಿಸುತ್ತಿದ್ದರು.

ಪ್ರಶ್ನೆ: ರೇಡಿಯೊದಲ್ಲಿ ಮೊದಲು ಬಂದ ಪಂದ್ಯ ಯಾವುದು? ಕೇಳುಗರಿಗೆ ಆಟ ಸರಿಯಾಗಿ ತಿಳಿಯುತ್ತಿತ್ತೇ?

ಮಾತಿಗಿಂತ ಮುಂಚೆ ಮೋರ್ಸ್ ಬಂತು. 1920ರ ನವೆಂಬರ್ 25ರಂದು ಆಸ್ಟಿನ್‌ನಲ್ಲಿ ನಡೆದ ಟೆಕ್ಸಸ್–ಟೆಕ್ಸಸ್ ಎ ಅಂಡ್ ಎಂ ಪಂದ್ಯವನ್ನು ಹವ್ಯಾಸಿ ರೇಡಿಯೊದವರು ಸಂಕೇತಗಳಲ್ಲಿ ಬಿತ್ತರಿಸಿದರು. ಒಂದೊಂದು ವಾಕ್ಯವನ್ನೂ ಕುಟ್ಟುತ್ತ ಕೂತರೆ ಆಟ ಮುಂದೆ ಓಡಿಬಿಡುತ್ತದೆಂದು ಸಂಕ್ಷೇಪಗಳ ಪಟ್ಟಿ ಮಾಡಿ ಮೊದಲೇ ಎಲ್ಲರಿಗೂ ಹಂಚಿದ್ದರು: ‘ಟಿ ಬಿ ಎ 45 ವೈ’ ಎಂದರೆ ಚೆಂಡು ಟೆಕ್ಸಸ್ ಕೈಯಲ್ಲಿ, ಎ ಅಂಡ್ ಎಂನ 45 ಗಜದ ಗೆರೆಯಲ್ಲಿ. ಮನುಷ್ಯರ ದನಿಯಲ್ಲಿ ನೇರ ವಿವರಣೆ ಬಂದದ್ದು 1921ರ ಅಕ್ಟೋಬರ್ 8ರಂದು, ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರದಿಂದ. ಪಿಟ್ಸ್‌ಬರ್ಗ್–ವೆಸ್ಟ್ ವರ್ಜೀನಿಯಾ ಪಂದ್ಯ, ಹೆರಾಲ್ಡ್ ಆರ್ಲಿನ್ ವಿವರಣೆ. 1922ರಲ್ಲಿ ಷಿಕಾಗೊದ ಪಂದ್ಯವನ್ನು ದೂರವಾಣಿ ತಂತಿಯ ಮೂಲಕ ನ್ಯೂಯಾರ್ಕಿಗೆ ತಂದರು. 1927ರ ಜನವರಿ 1ರ ರೋಸ್ ಬೌಲ್ ಪಂದ್ಯ (ಕ್ಯಾಲಿಫೋರ್ನಿಯಾದ ಹೊಸ ವರ್ಷದ ಪಂದ್ಯ) ಕರಾವಳಿಯಿಂದ ಕರಾವಳಿಗೆ ಕೇಳಿಸಿತು.

ತಿಳಿಯುತ್ತಿತ್ತೇ ಎಂದರೆ, ವಿವರಣೆಕಾರನಿಗೆ ಎಷ್ಟು ತಿಳಿದಿದೆಯೋ ಅಷ್ಟು. ಅಂಗಿಯ ಮುಂದೆ ಹಿಂದೆ ಎರಡೂ ಕಡೆ ಸಂಖ್ಯೆ ಇರಲೇಬೇಕೆಂಬ ನಿಯಮ ಬಂದದ್ದು 1937ರಲ್ಲಿ. ಅದಕ್ಕೂ ಮುಂಚೆ, ಅದರಲ್ಲೂ ಕೆಸರಿನ ದಿನ, ಯಾರು ಯಾರೆಂದು ಮೇಲಿನಿಂದ ಗೊತ್ತಾಗುವುದೇ ಕಷ್ಟ. ಅದಕ್ಕಾಗಿ ಎರಡೂ ತಂಡಗಳನ್ನು ಬಲ್ಲ ಒಬ್ಬೊಬ್ಬ ಗುರುತಿಸುವವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಅವನು ಹೆಸರಿನ ಹಲಗೆಯ ಮೇಲೆ ಬೆರಳಿಡುವುದು, ಇವನು ಹೇಳುವುದು. ವಿವರಣೆಕಾರ ಬಿಲ್ ಸ್ಟರ್ನ್ ಓಡುವವನ ಹೆಸರು ತಪ್ಪು ಹೇಳಿದರೆ, ಗೋಲು ಗೆರೆ ಬರುವುದರೊಳಗೆ ಪಕ್ಕದವನಿಗೆ ಚೆಂಡು ದಾಟಿಸಿದನೆಂದು ಸೇರಿಸಿ ಸರಿಮಾಡಿಬಿಡುತ್ತಿದ್ದರೆಂಬ ಮಾತು ಆ ವೃತ್ತಿಯಲ್ಲಿ ಪ್ರಸಿದ್ಧ.

ಸಂಜೆ ಮೇಲೆ ಕೇಳುಗರಿಗೆ ಇನ್ನೊಂದು ಅನುಕೂಲ. ಮಧ್ಯಮ ತರಂಗಾಂತರದ ಅಲೆಗಳನ್ನು ಹಗಲಲ್ಲಿ ಹೀರಿಕೊಳ್ಳುವ ವಾತಾವರಣದ ಪದರ ರಾತ್ರಿ ಕರಗುತ್ತದೆ. ಅಲೆಗಳು ಮೇಲಿನ ಪದರಕ್ಕೆ ತಾಕಿ ನೂರಾರು ಮೈಲಿಯಾಚೆ ಇಳಿಯುತ್ತವೆ. ಎಲ್‌ಎಸ್‌ಯು 1931ರಿಂದ ಶನಿವಾರ ರಾತ್ರಿ ದೀಪದ ಬೆಳಕಲ್ಲಿ ಆಡತೊಡಗಿತು. ಇಂಥ ರಾತ್ರಿ ಪಂದ್ಯಗಳನ್ನು 50,000 ವಾಟ್‌ನ ಕೇಂದ್ರ ಬಿತ್ತರಿಸಿದರೆ ಪಕ್ಕದ ರಾಜ್ಯಗಳಲ್ಲೂ ಮನೆಮನೆಗೆ ಕೇಳುತ್ತಿತ್ತು. ಟೆಕ್ಸಸ್‌ನಲ್ಲಿ ಹಂಬಲ್ ತೈಲ ಕಂಪನಿ ದಶಕಗಟ್ಟಲೆ ಸೌತ್‌ವೆಸ್ಟ್ ಕಾನ್ಫರೆನ್ಸಿನ ಪಂದ್ಯಗಳನ್ನು ಪ್ರಾಯೋಜಿಸಿತು. ವಿವರಣೆಕಾರ ಕರ್ನ್ ಟಿಪ್ಸ್ ದನಿ ಅಲ್ಲಿನವರಿಗೆ ಮನೆಯವರಷ್ಟೇ ಪರಿಚಿತ.

ಪ್ರಶ್ನೆ: ಪತ್ರಿಕೆಗಳಲ್ಲಿ ಬಂದ ಅಂಕಗಳು ನಂಬುವಂಥವೇ?

ದೊಡ್ಡ ಪಂದ್ಯದ್ದು ನಂಬಬಹುದು, ಅಲ್ಲಿ ವರದಿಗಾರ ಇರುತ್ತಿದ್ದ. ಸಣ್ಣ ಕಾಲೇಜಿನದ್ದು ಯಾರೋ ಫೋನ್ ಮಾಡಿ ಹೇಳಿದ್ದು. 1941ರಲ್ಲಿ ನ್ಯೂಯಾರ್ಕಿನ ಷೇರು ದಲ್ಲಾಳಿಯೊಬ್ಬ ಇಲ್ಲದ ‘ಪ್ಲೇನ್‌ಫೀಲ್ಡ್ ಟೀಚರ್ಸ್ ಕಾಲೇಜ್’ ಹೆಸರಿನಲ್ಲಿ ವಾರ ವಾರ ಗೆಲುವಿನ ಅಂಕ ಹೇಳಿದ; ದೊಡ್ಡ ಪತ್ರಿಕೆಗಳೂ ಅದನ್ನು ಅಚ್ಚುಹಾಕಿದವು. ತಂಡಕ್ಕೊಬ್ಬ ಜಾನಿ ಚಂಗ್ ಎಂಬ ತಾರೆಯನ್ನೂ ಸೃಷ್ಟಿಸಿದ್ದ. ಋತು ಮುಗಿಯುವ ಮುನ್ನ ಗುಟ್ಟು ಬಯಲಾಯಿತು.

ದೇಶದ ಅಗ್ರ ತಂಡ ಯಾವುದೆಂಬ ಎಪಿ ಸುದ್ದಿಸಂಸ್ಥೆಯ ವಾರದ ಮತಪಟ್ಟಿ 1936ರಿಂದ ಕ್ರಮವಾಗಿ ನಡೆಯಿತು. ಮೊದಲ ವರ್ಷ ಮಿನೆಸೋಟ. ಮತ ಹಾಕುವ ಪತ್ರಕರ್ತ ತನ್ನ ಪ್ರದೇಶದ ಕೆಲವೇ ತಂಡಗಳನ್ನು ಕಣ್ಣಾರೆ ನೋಡಿರುತ್ತಿದ್ದ ಎಂಬುದು ನೆನಪಿರಲಿ. ಪಶ್ಚಿಮ ಕರಾವಳಿಯ ಪಂದ್ಯ ಮುಗಿಯುವ ಹೊತ್ತಿಗೆ ಪೂರ್ವದಲ್ಲಿ ಭಾನುವಾರದ ಪತ್ರಿಕೆಯ ಮೊದಲ ಆವೃತ್ತಿಗಳು ಯಂತ್ರ ಹತ್ತುವ ಸಮಯ. ಅಲ್ಲಿನ ತಂಡಗಳಿಗೆ ಒಂದು ಸಾಲು ಸಿಕ್ಕರೆ ಪುಣ್ಯ.

ಪ್ರಶ್ನೆ: ಟಿ.ವಿ. ಬಂದ ಕೂಡಲೇ ಇದೆಲ್ಲ ಬದಲಾಯಿತೇ?

ಇಲ್ಲ, ಬಹಳ ತಡವಾಯಿತು. ಮೊದಲ ಟಿ.ವಿ. ಪಂದ್ಯ 1939ರ ಸೆಪ್ಟೆಂಬರ್ 30ರ ಫೋರ್ಡಂ–ವೇನ್ಸ್‌ಬರ್ಗ್. ಆದರೆ ಟಿ.ವಿ.ಯಿಂದ ಸ್ಟೇಡಿಯಂ ಖಾಲಿಯಾಗುತ್ತದೆಂಬ ಭಯಕ್ಕೆ 1951ರಲ್ಲಿ ಎನ್‌ಸಿಎಎ ಸದಸ್ಯರು 161–7 ಮತಗಳಿಂದ ಪ್ರಸಾರಕ್ಕೆ ಕಡಿವಾಣ ಹಾಕಿದರು. ತನ್ನ ಪಂದ್ಯಗಳನ್ನು ತೋರಿಸಿಯೇ ತೀರುತ್ತೇನೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಹಠ ಹಿಡಿಯಿತು. ಅದನ್ನು ಮಣಿಸಿದ್ದು ದಂಡವಲ್ಲ, ಕೋರ್ಟಲ್ಲ; ಆ ವರ್ಷ ಅಲ್ಲಿಗೆ ಬರಬೇಕಿದ್ದ ನಾಲ್ಕು ಕಾಲೇಜುಗಳು ‘ನಾವು ಆಡುವುದಿಲ್ಲ’ ಎಂದವು, ಅಷ್ಟೆ.

ಪಟ್ಟಿಗಳು ವರ್ಷಗಳ ಮುಂಚೆ ನಿಗದಿಯಾಗುವ ಪದ್ಧತಿಯೂ ಹಾಗೇ ಉಳಿಯಿತು. 1966ರ ನವೆಂಬರ್ 19ರ ಹೆಸರಾಂತ ಮಿಷಿಗನ್ ಸ್ಟೇಟ್–ನೋಟರ್ ಡೇಮ್ ಪಂದ್ಯ (10–10) ಮೊದಲು ಪಟ್ಟಿಯಲ್ಲೇ ಇರಲಿಲ್ಲ. ಆ ಶನಿವಾರ ನೋಟರ್ ಡೇಮ್‌ಗೆ ಅಯೋವಾ ಎದುರಾಳಿಯಾಗಿತ್ತು. ಅಯೋವಾ ವರ್ಷಗಳ ಹಿಂದೆಯೇ ಹಿಂದೆ ಸರಿದದ್ದರಿಂದ, ಒಂದು ಪಂದ್ಯಕ್ಕೆ ಜಾಗವಿದ್ದ ಮಿಷಿಗನ್ ಸ್ಟೇಟ್ ಬಂತು. ಇಬ್ಬರೂ ಸೋಲರಿಯದೆ ಅಲ್ಲಿಗೆ ಬಂದು ನಿಲ್ಲುತ್ತಾರೆಂದು ಕರಾರಿಗೆ ಸಹಿ ಹಾಕಿದವರಿಗೆ ಗೊತ್ತಿರಲಿಲ್ಲ. ಎನ್‌ಸಿಎಎ ನಿಯಮದಂತೆ ಸಿಗುತ್ತಿದ್ದ ರಾಷ್ಟ್ರವ್ಯಾಪಿ ಪ್ರಸಾರದ ತನ್ನ ಪಾಲನ್ನು ನೋಟರ್ ಡೇಮ್ ಋತುವಿನ ಮೊದಲ ಪಂದ್ಯಕ್ಕೇ ಬಳಸಿಕೊಂಡಿದ್ದರಿಂದ ಎಬಿಸಿ ಟಿ.ವಿ. ಜಾಲ ಇದನ್ನು ಕೆಲವು ಪ್ರದೇಶಗಳಿಗೆ ಮಾತ್ರ ನೇರ ತೋರಿಸಬಹುದಿತ್ತು. ಅಭಿಮಾನಿಗಳ ಪತ್ರಗಳ ರಾಶಿ ಬಿದ್ದ ಮೇಲೆ ಉಳಿದೆಡೆ ತಡವಾಗಿ ತೋರಿಸಲು ಒಪ್ಪಿಗೆ ಸಿಕ್ಕಿತು. ಪ್ರಸಾರದ ಮೇಲಿನ ಎನ್‌ಸಿಎಎಯ ಈ ಹಿಡಿತವನ್ನು ಅಮೆರಿಕದ ಸುಪ್ರೀಂ ಕೋರ್ಟ್ 7–2ರ ತೀರ್ಪಿನಲ್ಲಿ ಮುರಿದದ್ದು 1984ರ ಜೂನ್ 27ರಂದು.

ಪ್ರಶ್ನೆ: ಹಳೆಯ ಪಂದ್ಯಪಟ್ಟಿ ಓದುವಾಗ ಏನು ಗಮನಿಸಬೇಕು?

ಮೊದಲು ಜಾಗ. ‘ಮನೆ’ ಪಂದ್ಯ ಎಂದಿದ್ದರೂ ಟಿಕೆಟ್ ಹಣಕ್ಕಾಗಿ ದೊಡ್ಡ ನಗರದಲ್ಲಿ ಆಡಿರಬಹುದು. ಆಮೇಲೆ ಎದುರಾಳಿ: 1900ರ ಆಸುಪಾಸಿನ ಪಟ್ಟಿಗಳಲ್ಲಿ ಪ್ರೌಢಶಾಲೆ, ವೈದ್ಯ ಕಾಲೇಜು, ವೈಎಂಸಿಎ, ಹಳೆಯ ವಿದ್ಯಾರ್ಥಿಗಳ ತಂಡ ಎಲ್ಲವೂ ಸಿಗುತ್ತವೆ; ಗೆಲುವಿನ ಸಂಖ್ಯೆ ನೋಡಿ ಮರುಳಾಗಬೇಡಿ. ಅಂಕದ ಬೆಲೆಯೂ ಬದಲಾಗಿದೆ. ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸುವುದಕ್ಕೆ) 1897ರವರೆಗೆ 4, 1898ರಿಂದ 5, 1912ರಿಂದ 6. ಫೀಲ್ಡ್ ಗೋಲ್‌ಗೆ (ಚೆಂಡನ್ನು ಒದ್ದು ಗೋಲು ಕಂಬಗಳ ನಡುವೆ ಹಾಯಿಸುವುದಕ್ಕೆ) ಮೊದಲು 5, 1904ರಿಂದ 4, 1909ರಿಂದ 3. ಸಮ ಎಂದು ಕಂಡರೆ ಅದು ಸಮವೇ. ಹೆಚ್ಚುವರಿ ಅವಧಿ ಆಡಿ ಗೆಲುವು ತೀರ್ಮಾನಿಸುವ ಪದ್ಧತಿ ಎಲ್ಲ ದೊಡ್ಡ ಪಂದ್ಯಗಳಿಗೂ ಬಂದದ್ದು 1996ರಲ್ಲಿ.